ಪ್ಲಾಸ್ಟಿಕ್ ಮಲ್ಲಿಗೆಯ ಬಳ್ಳಿ

ಗುರುವಾಯನಕೆರೆಯ ನಮ್ಮ ಮನೆಯ ಹಾಲ್‌ನಲ್ಲಿ, ಅತ್ತೆಯ ಫೋಟೋದ ಪಕ್ಕ ಒಂದು ಪ್ಲಾಸ್ಟಿಕ್ ಮಲ್ಲಿಗೆ ಬಳ್ಳಿ ಇದೆ. ಅವರು ತೀರಿಕೊಂಡ ಮೇಲೆ, ಗೋಡೆ ಬೋಳಾಗಿ ಕಾಣುತ್ತದೆಂದು ನಾನೇ ತಂದು ತೂಗುಹಾಕಿದ್ದು. ಹಬ್ಬ ಬಂತೆಂದರೆ ಅದನ್ನು ಇಳಿಸಿ, ಶಾಂಪೂ ನೀರಿನಲ್ಲಿ ಅದ್ದಿ, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜುತ್ತೇನೆ.

ಈ ಸಲ ದೀಪಾವಳಿಗೆ ಮೊದಲು ಇಳಿಸಿದಾಗ ಎಲೆಗಳ ಮೇಲೆ ಧೂಳು ದಪ್ಪಗೆ ಕೂತಿತ್ತು. ಹೂಗಳ ಮೇಲೆ ಚೂರೂ ಇರಲಿಲ್ಲ. ಮುಟ್ಟಿದರೆ, ಆಗಷ್ಟೇ ಮುಡಿಯಿಂದ ತೆಗೆದ ಹಾಗೆ ಬೆಚ್ಚಗಿದ್ದವು. ಬಕೆಟ್‌ನಲ್ಲಿ ಅದ್ದಿದೊಡನೆ ನೀರಿನ ಮೇಲೆ ತೆಂಗಿನೆಣ್ಣೆಯ ಪಸೆ ತೇಲಿತು. ಒಂದು ಹೂವಿನ ತೊಟ್ಟಿಗೆ ಉದ್ದದ ಬಿಳಿ ಕೂದಲು ಸುತ್ತಿಕೊಂಡಿತ್ತು.

"ಇದು ಅಜ್ಜಿಯದ್ದೇ ಅಮ್ಮ," ಎಂದಳು ಮಗಳು ತೃಪ್ತಿ.

"ಎಂತ ಮಾತಾಡ್ತಿ ನೀನು? ಅವರು ಇರುವಾಗ ಈ ಬಳ್ಳಿಯೇ ಇರ್ಲಿಲ್ಲ."

ಮಾವ ಹೋದ ಮೇಲೆ ಅತ್ತೆ ಹೂ ಮುಡಿಯಲಿಲ್ಲ. ನನಗೆ ಮಲ್ಲಿಗೆ ಕಟ್ಟಿಕೊಡುತ್ತಿದ್ದರು. ಕಟ್ಟಿ ಮುಗಿದ ಮೇಲೆ ತಮ್ಮ ಬೆರಳುಗಳನ್ನು ಮೂಸಿ ನೋಡುತ್ತಿದ್ದರು. ನೀವೂ ಮುಡಿಯಿರಿ ಎಂದು ಅವರಿಗೆ ಹೇಳಬೇಕೆಂದು ಮನೆಯಲ್ಲಿ ಒಬ್ಬರಿಗೂ ಅನಿಸಲಿಲ್ಲ.

ಮರುದಿನ ಪೇಟೆಯಿಂದ ಕಟ್ಟಿದ ಮಲ್ಲಿಗೆ ಒಂದು ಚೆಂಡು ತಂದು ಫೋಟೋದ ಮುಂದಿಟ್ಟೆ. "ಮುಡಿಯಿರಿ ಅತ್ತೆ, ಯಾರೂ ಎಂತದೂ ಹೇಳುವುದಿಲ್ಲ," ಎಂದೆ.

ಬೆಳಿಗ್ಗೆ ನೋಡಿದರೆ ಆ ಹೂವು ಇಟ್ಟಲ್ಲೇ, ಇಟ್ಟ ಹಾಗೆಯೇ ಬಾಡಿತ್ತು. ತೊಳೆದು ತೂಗುಹಾಕಿದ್ದ ಪ್ಲಾಸ್ಟಿಕ್ ಹೂವನ್ನು ಮುಟ್ಟಿದೆ.

ಬೆಚ್ಚಗಿತ್ತು.