ಭಂಡಾರ ತಾಗದ ಮುಚ್ಚಳ

"ಅಕ್ಕಾರ, ವಿಜಯನ ಮ್ಯಾಲೆ ಕೇಸ್ ಹಾಕಬೇಕ್ರಿ." ಚಪ್ಪಲಿ ಬಿಡುವ ಮೊದಲೇ ಯುವರಾಜ ಹೀಗೆಂದ.

ನನ್ನ ಹೆಂಡತಿ ಶೀತಲ ಸವದತ್ತಿಯಲ್ಲಿ ವಕೀಲೆ. ಕೇಸು ಹಾಕುವುದಕ್ಕಿಂತ ಕೇಸೇ ಬೇಡದಂತೆ ಮಾಡುವುದರಲ್ಲಿ ಅವಳಿಗೆ ಹೆಸರು ಜಾಸ್ತಿ. ಊರಲ್ಲಿ ಏನಾದರೂ ಕಾಣೆಯಾದರೆ ಜನ ಠಾಣೆಗೆ ಹೋಗುವ ಮುಂಚೆ ನಮ್ಮ ಪಡಸಾಲೆಗೆ ಬರುತ್ತಾರೆ. ಅವಳನ್ನು ಸ್ಕೂಟರಿನಲ್ಲಿ ಕರೆದೊಯ್ಯುವುದು, ಆಮೇಲೆ ಬೆರಗಾಗುವುದು ನನ್ನ ಕೆಲಸ. ಬೆರಗಾಗುವುದರಲ್ಲಿ ನಾನು ಚೆನ್ನಾಗಿ ಪಳಗಿದ್ದೇನೆ.

"ಕುಂಡ್ರಪಾ ಮೊದಲ. ಏನಾತು?" ಎಂದಳು ಶೀತಲ.

ಯುವರಾಜ ಒಂದು ಕಾಲಕ್ಕೆ ಊರಿಗೆಲ್ಲ ಬೇಕಾದ ಫೋಟೋಗ್ರಾಫರ್. ರೀಲಿನ ಕಾಲ ಮುಗಿದಾಗ ಸ್ಟುಡಿಯೋ ಮುಚ್ಚಿ, ಬೀಜ-ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ವರ್ಷಗಟ್ಟಲೆ ಕ್ಯಾಮೆರಾ ಮುಟ್ಟಿರಲಿಲ್ಲ. ಈಗ ಗೆಳೆಯ ವಿಜಯನೇ ಬೆನ್ನು ಬಿದ್ದು ಅವನಿಂದ ಹೊಸ ಡಿಜಿಟಲ್ ಕ್ಯಾಮೆರಾ ಕೊಳ್ಳಿಸಿದ್ದ, ಮುನವಳ್ಳಿಯಲ್ಲಿ ಮದುವೆ ನಿಶ್ಚಯದ ಫೋಟೋ ತೆಗೆಯುವ ಕೆಲಸವನ್ನೂ ಕೊಡಿಸಿದ್ದ. ಲೆನ್ಸ್ ಮಾತ್ರ ಹಳೆಯದು. ಇಬ್ಬರಿಗೂ ಕೆಲಸ ಕಲಿಸಿದ ಶಟ್ಟೆಪ್ಪ ಮಾಸ್ತರರು ಸಾಯುವ ಮುಂಚೆ ಯುವರಾಜನಿಗೆ ಕೊಟ್ಟದ್ದು. ಅದನ್ನು ಹೊಸ ಕ್ಯಾಮೆರಾಕ್ಕೆ ಕೂಡಿಸುವ ಉಂಗುರವನ್ನೂ ಅವನು ತರಿಸಿದ್ದ.

"ಖಂಡೇ ಪೂಜಿಗೆ ಎಲ್ಲಾ ಸಾಮಾನು ಇಟ್ಟು ಅಂಗಡಿ ಪೂಜಿಗೆ ಹೋಗಿದ್ನಿರಿ. ದಸರಾ ದಿನ ಮುಂಜಾನೆ ನೋಡಿದ್ರ ಲೆನ್ಸ್ ಇಲ್ಲ. ಹಿಂದಿನ ದಿನ ಮನಿಗೆ ಬಂದಾವ ವಿಜಯ ಒಬ್ಬನ. ಮಾಸ್ತರ್ರು ಅದನ್ನ ತನಗ ಕೊಡಲಿಲ್ಲಂತ ಅವಗ ಮೊದಲಿಂದ ಹೊಟ್ಟ್ಯಾಗ ಸಿಟ್ಟ ಐತಿ. ಸಂಜಿಗೆ ಬನ್ನಿ ಎಲಿ ಕೊಡಾಕ ಬಂದಿದ್ದ, ನಾ ಕೈ ಚಾಚಲಿಲ್ಲ."

"ಮುನವಳ್ಳಿ ಕೆಲಸ?"

"ಬಿಡತೇನ್ರಿ. ಆ ಲೆನ್ಸ್ ಇಲ್ಲಂದ್ರ ನನಗ ಈ ಹೊಸಾ ಕ್ಯಾಮೆರಾನೂ ಬ್ಯಾಡ. ತಿರುಗಿ ಕೊಟ್ಟುಬಿಡತೇನಿ."

ಅವನ ದನಿ ಕೇಳಿ ನನಗೆ ಸಂಕಟವಾಯಿತು. ಇಷ್ಟು ವರ್ಷದ ಮೇಲೆ ಚಿಗುರಿದ ಆಸೆ, ಜೊತೆಗೆ ಒಬ್ಬ ಗೆಳೆಯ, ಎರಡೂ ಒಟ್ಟಿಗೆ ಕೈಬಿಡುವುದರಲ್ಲಿದ್ದವು.

ಕಳವಾದ ಜಾಗ ಮುಟ್ಟಬಾರದೆಂದು ಯುವರಾಜ ಟೀವಿ ನೋಡಿ ಕಲಿತಿದ್ದ. ಹಾಗಾಗಿ ನಾವು ಅವನ ಮನೆ ತಲುಪಿದಾಗ ಆಯುಧ ಪೂಜೆಯ ಸಾಮಾನು ಇಟ್ಟಲ್ಲೇ ಇತ್ತು. ಹೊಸ ಕ್ಯಾಮೆರಾ, ರೀಲಿನ ಕ್ಯಾಮೆರಾ, ಸ್ಟ್ಯಾಂಡು, ಫ್ಲ್ಯಾಶು, ಕೊನೆಗೆ ಚಾರ್ಜರಿಗೂ ಎಲ್ಲಮ್ಮನ ಗುಡ್ಡದಿಂದ ತಂದ ಭಂಡಾರ, ಅಂದರೆ ಅರಿಸಿನ ಪುಡಿ, ಹಚ್ಚಿತ್ತು. ಎಲ್ಲ ಹಳದಿಯೋ ಹಳದಿ. ಪಕ್ಕದಲ್ಲಿ ಲೆನ್ಸಿನ ಕರಿ ಮುಚ್ಚಳವೊಂದೇ ಬಿದ್ದಿತ್ತು. ಶೀತಲ ಅದನ್ನೆತ್ತಿ ಹೆಬ್ಬೆರಳಿನಿಂದ ಒರೆಸಿ, ಬೆರಳು ನೋಡಿಕೊಂಡು, ಇದ್ದಲ್ಲೇ ಇಟ್ಟಳು.

"ಹಳೇದೆಲ್ಲಾ ಕೊಟ್ಟು ಹೊಸಾ ಲೆನ್ಸ್ ತೊಗೋರಿ ಅಂತ ನಾ ಹೇಳಿದ್ದು ಖರೇರಿ," ಎಂದಳು ಯುವರಾಜನ ಹೆಂಡತಿ ಸಪ್ನಾ. "ಆದ್ರ ಅದನ್ನ ಮುಟ್ಟಿಲ್ಲ. ಪೂಜಿ ಮಾಡಿದ್ದೂ ನಮ್ಮ ಅತ್ತಿ."

ನಾನಂತೂ ಮನಸ್ಸಿನಲ್ಲೇ ಸಪ್ನಾಳನ್ನು ಅಪರಾಧಿ ಮಾಡಿಬಿಟ್ಟೆ.

ಊಟ ಮಾಡದೆ ಕಳಿಸುವ ಮನೆಯಲ್ಲ ಅದು. ಆದರೆ ತಾಟಿನಲ್ಲಿ ಚಪಾತಿ ನೋಡಿ ನನ್ನ ಮುಖ ಸಣ್ಣದಾಯಿತು. ಯುವರಾಜನ ತಾಯಿ ಬಾಯವ್ವನ ಜೋಳದ ರೊಟ್ಟಿಯ ರುಚಿ ನಮ್ಮ ಓಣಿಗೆಲ್ಲ ಗೊತ್ತು.

"ರೊಟ್ಟಿ ಇಲ್ಲೇನ್ರಿ ಬಾಯವ್ವಾರ?" ಎಂದೆ, ನಾಚಿಕೆ ಬಿಟ್ಟು.

"ಹಿಟ್ಟು ಮುಗದೈತ್ರಿ," ಎಂದು ಮುದುಕಿ ಒಳಗೆ ಹೋದಳು.

"ಡಬ್ಬಿ ತುಂಬ ಜೋಳಾ ಅದಾವ್ರಿ," ಎಂದಳು ಸಪ್ನಾ. "ಗಿರಣಿಗಿ ಒಯ್ಯತೇನಂದ್ರ, ದಸರಾದಾಗ ಗಿರಣ್ಯಾಗ ಗದ್ದಲ, ಈಗ ಬ್ಯಾಡ ಅಂತಾರ. ದಸರಾ ಮುಗದು ಎಷ್ಟು ದಿನಾ ಆತು!"

ಶೀತಲ ಚಪಾತಿ ಮುರಿಯುತ್ತಿದ್ದವಳು ನಿಲ್ಲಿಸಿದಳು. ಕೈ ತೊಳೆದ ಮೇಲೆ, ವಿಜಯನನ್ನು ಕರೆಸಲು ಹೇಳಿದಳು.

ವಿಜಯ ಬಂದು ಬಾಗಿಲಲ್ಲೇ ನಿಂತ. "ಅವತ್ತು ನಾ ಬಂದಾಗ ಲೆನ್ಸ್ ಇದ್ದಿಲ್ರಿ. ಹಳೇದನ್ನ ಪೂಜಿಗೆ ಇಟ್ಟಿಲ್ಲ ಅನ್ಕೊಂಡೆ."

"ನಂಬತೇನಿ," ಎಂದಳು ಶೀತಲ. "ಒಂದು ಹೇಳು. ನೀ ಲೆನ್ಸ್ ಒಯ್ಯೋದಾದ್ರ ಮುಚ್ಚಳಾ ಬಿಟ್ಟು ಒಯ್ತಿದ್ದೇನು?"

ವಿಜಯ ಬೆಚ್ಚಿದ. "ತಲಿಗೆ ಕುಂಚಿಗಿ ಇಲ್ಲದ ಎಳೀಕೂಸನ್ನ ಗಾಳಿಗೆ ಒಯ್ದಂಗ ಆಕ್ಕೈತಲ್ರಿ ಅಕ್ಕಾರ!"

"ಕೇಳಿದೇನು ಯುವರಾಜ? ಈ ಕಸಬಿನವ ಯಾವನೂ ಹಂಗ ಒಯ್ಯಂಗಿಲ್ಲ. ಮಾರಾಕ ಒಯ್ಯೋರೂ ಅಷ್ಟ, ಮುಚ್ಚಳಾ ಸುದ್ದಾ ಒಯ್ತಾರ. ಅಂದ್ರ ಸಪ್ನಾನೂ ಅಲ್ಲ." ಇಲ್ಲಿ ಅವಳು ನನ್ನ ಕಡೆ ಒಂದು ನೋಟ ಬೀರಿದಳು. "ಇನ್ನ ಈ ಮುಚ್ಚಳಾ ನೋಡ್ರಿ. ಚಾರ್ಜರಿಗೂ ಭಂಡಾರ ಐತಿ, ಇದಕ್ಕ ಒಂದು ಕಣಾನೂ ಹತ್ತಿಲ್ಲ. ಭಂಡಾರ ಹಚ್ಚೂ ಮೊದಲ ಯಾರೋ ಇದನ್ನ ತಗದು ಬಾಜೂಕ ಇಟ್ಟಾರ. ಹಂಗಾದ್ರ ಲೆನ್ಸಿನ ಪಾಲಿನ ಭಂಡಾರ ಎಲ್ಲಿ ಬಿತ್ತು?"

"ಗಾಜಿಗೆ!" ಎಂದ ಯುವರಾಜ. ಅವನ ಮುಖದ ಬಣ್ಣ ಇಳಿಯಿತು.

"ಹೌದು. ಪೂಜಿ ಮಾಡಿದವ್ರು ಅದನ್ನ ನೋಡಿ ಹೆದರಿ, ಲೆನ್ಸ್ ಮುಚ್ಚಿಟ್ಟಾರ. ಎಲ್ಲಿ? ರೊಟ್ಟಿ ಮನಿಯಾಗ ಡಬ್ಬಿ ತುಂಬ ಜೋಳಾ ಇದ್ದೂ, ಡಬ್ಬಿ ತಗ್ಯಾಕ ಬಿಡದ ಚಪಾತಿ ಮಾಡಿಸಾಕ ಹತ್ತಾರಂದ್ರ..." ಅವಳು ಮಾತು ನಿಲ್ಲಿಸಿ ಅಡುಗೆಮನೆಯ ಕಡೆ ತಿರುಗಿದಳು. ಅವಳ ದನಿ ಮೆತ್ತಗಾಯಿತು. "ಬಾಯವ್ವಾರ, ಇವತ್ತರ ಜೋಳಾ ಗಿರಣಿಗೆ ಕಳಸೂಣೇನ್ರಿ?"

ನನ್ನ ಹೆಂಡತಿಯ ಬುದ್ಧಿಗೆ ನಾನು ಬೆರಗಾಗುವುದು ಹೊಸದಲ್ಲ. ಮುದುಕಿಯ ಮರ್ಯಾದೆಗೆ ಧಕ್ಕೆಯಾಗದಂತೆ ಅವಳು ಹೀಗೆ ಕೇಳಿದ್ದಕ್ಕೆ ಮಾತ್ರ ನನಗೆ ಹೆಮ್ಮೆಯಿಂದ ಕಣ್ಣು ತುಂಬಿ ಬಂತು.

ಒಳಗೆ ಡಬ್ಬಿಯ ಬಾಯಿ ತೆರೆದ ಸದ್ದಾಯಿತು. ಬಾಯವ್ವ ಹೊರಗೆ ಬಂದಾಗ ಅವಳ ತೋಳಿನ ತನಕ ಜೋಳದ ದೂಳು ಮೆತ್ತಿತ್ತು. ಕೈಯಲ್ಲಿ ಹಳೆಯ ಸೀರೆಯ ತುಂಡಿನ ಗಂಟು.

"ಅದರ ಕಣ್ಣು ಮುಚ್ಚಿ ಕುಂಡ್ರಿಸಿ ಪೂಜಿ ಹೆಂಗ ಮಾಡೂದೋ ಯಪ್ಪಾ?" ಎಂದು ಅತ್ತಳು. "ಅದಕ್ಕ ಮುಚ್ಚಳಾ ತಗದು ಕಣ್ಣಿಗೇ ಭಂಡಾರ ಹಚ್ಚಿದ್ನಿ. ಆಮ್ಯಾಲೆ ಸೆರಗಿಲೆ ಒರೆಸಿದ್ನಿ, ಮತ್ತಷ್ಟು ರಾಡಿ ಆತು. ಇಷ್ಟು ವರ್ಷಾದ ಮ್ಯಾಲೆ ನೀ ನಗಾಕ ಹತ್ತಿದ್ದಿ. ಇದು ಕೆಟ್ಟಿದ್ದು ಗೊತ್ತಾದ್ರ ಮತ್ತ ಎಲ್ಲಾ ಬಿಟ್ಟು ಕುಂಡ್ರತಿ ಅಂತ ಅಂಜಿದ್ನಿ. ವಿಜಯನ ಹೆಸರು ಬಂದ ಮ್ಯಾಲಂತೂ ಬಾಯಿ ಬರಲಿಲ್ಲ."

ಯುವರಾಜ ಗಂಟು ಬಿಚ್ಚಿ ಲೆನ್ಸ್ ತೆಗೆದು ವಿಜಯನ ಮುಂದೆ ಹಿಡಿದ. ವಿಜಯ ತನ್ನ ಚೀಲದಿಂದ ಗಾಳಿ ಊದುವ ರಬ್ಬರ್ ಬುಗ್ಗೆ, ಕುಂಚ, ಮೆತ್ತನೆ ಬಟ್ಟೆ ತೆಗೆದ. ಮೊದಲು ಊದಿದ, ಆಮೇಲೆ ಮೆಲ್ಲಗೆ ಒರೆಸಿದ. ಗಾಜು ತಿಳಿಯಾಯಿತು. ಅಂಚಿನಲ್ಲಿ ಮಾತ್ರ ತೆಳು ಹಳದಿ ಉಳಿಯಿತು.

"ಇದು ಹೋಗವಲ್ದು," ಎಂದ ವಿಜಯ.

"ಇರಲಿ ಬಿಡೋ."

ಯುವರಾಜ ಉಂಗುರ ಹಾಕಿ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಕೂಡಿಸಿದ. ಮೊದಲ ಫೋಟೋ ಬಾಯವ್ವನದು, ತೋಳಿನ ದೂಳು, ಕೆನ್ನೆಯ ಕಣ್ಣೀರಿನ ಸಮೇತ. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಅದನ್ನು ನೋಡಿ, ತಾಯಿಗೂ ತೋರಿಸಿದ. ಆಮೇಲೆ ಕ್ಯಾಮೆರಾ ಕೆಳಗಿಟ್ಟು, ದಸರೆಯ ದಿನ ಚಾಚದಿದ್ದ ಕೈಯನ್ನು ಚಾಚಿದ.

"ವಿಜಯಾ, ಬನ್ನಿ ಕೊಡೋ."

ವಿಜಯ ಪಾಕೀಟು ತೆರೆದ. ಒಣಗಿ ಪುಡಿಯಾಗುತ್ತಿದ್ದ ಎಲೆಗಳು ಇನ್ನೂ ಅದರಲ್ಲೇ ಇದ್ದವು.