ಒಂಬತ್ತು ಸೆಕೆಂಡು

"ಅಪ್ಪಾ, ಯಾರೋ ಮುಳುಗ್ತಿದಾರೆ!"

ದೋಣಿಯಿಂದ ಧುಮುಕಿದವಳೇ, ನೀರಿನ ಮೇಲೆ ಬೋರಲಾಗಿ ತೇಲುತ್ತಿದ್ದವನ ಕೊರಳಪಟ್ಟಿ ಹಿಡಿದು ಜಗ್ಗಿದಳು. ಅವನ ಬಾಯಲ್ಲಿದ್ದ ಉಸಿರುಕೊಳವೆ ಕಿತ್ತು ಬಂತು. ಕೆಮ್ಮಿ, ಉಗುಳಿ, ಕೆಂಗಣ್ಣು ಬಿಟ್ಟ.

"ಯಾರ್ರೀ ನೀವು? ಏನಾಗಿದೆ ನಿಮಗೆ?"

"ಹೆಣದ ಥರ ಬಿದ್ಕೊಂಡು ನನ್ನನ್ನ ಕೇಳ್ತೀರಾ!"

"ಉಸಿರು ಹದ ಮಾಡ್ಕೊಳ್ತಿದ್ದೆ! ಇನ್ನೇನು ಆಳಕ್ಕೆ ಮುಳುಗು ಹಾಕೋನಿದ್ದೆ!"

ಅಪ್ಪನ ಡೈವಿಂಗ್ ಅಂಗಡಿಯಲ್ಲಿ ಹತ್ತು ವರ್ಷ ಸಿಲಿಂಡರ್‌ಗೆ ಗಾಳಿ ತುಂಬಿದವಳು. ಸಿಲಿಂಡರೇ ಇಲ್ಲದೆ, ಒಂದೇ ಉಸಿರಲ್ಲಿ ಆಳಕ್ಕಿಳಿಯುವ ಮನುಷ್ಯನನ್ನು ಅವಳು ಕಂಡಿದ್ದು ಅವತ್ತೇ ಮೊದಲು.

ದೋಣಿಯಲ್ಲಿ ಅಪ್ಪ ಹೊಟ್ಟೆ ಹಿಡಿದು ನಗುತ್ತಿದ್ದ. "ಗಿರಾಕಿನ ಕತ್ತು ಹಿಡಿದು ಮಾತಾಡ್ಸೋದು ಯಾವಾಗ ಕಲಿತೆ ತಾಯಿ?"

ಅವನಿಗೆ 'ಒಂದುಸಿರು' ಎಂದು ಹೆಸರಿಟ್ಟವನೂ ಅಪ್ಪನೇ. ಆಮೇಲಿನ ಎರಡು ತಿಂಗಳಲ್ಲಿ ಒಂದುಸಿರು ಅವಳಿಗೂ ಉಸಿರು ಬಿಗಿಹಿಡಿದು ಮುಳುಗುವುದನ್ನು ಕಲಿಸಿದ. 'ನೀವು' ಹೋಗಿ 'ನೀನು' ಬಂತು. ಹವಳದ ಸಂದಿನ ಆಮೆಗಳನ್ನು ಇಬ್ಬರೂ ಒಟ್ಟಿಗೆ ಎಣಿಸಿದರು. ಮನಸ್ಸಿನ ಮಾತು ಮಾತ್ರ ಯಾರ ಬಾಯಿಂದಲೂ ಹೊರಡಲಿಲ್ಲ.

ಅಷ್ಟರಲ್ಲಿ, ಅವನು ಈ ದ್ವೀಪಕ್ಕೆ ಯಾವುದಕ್ಕಾಗಿ ಬಂದಿದ್ದನೋ ಆ ಪರೀಕ್ಷೆ ಬಂತು. ಪಾಸಾದರೆ ಇಲ್ಲಿನ ಡೈವಿಂಗ್ ಶಾಲೆಯಲ್ಲಿ ಮುಳುಗು ಕಲಿಸುವ ಕೆಲಸ. ಇಲ್ಲದಿದ್ದರೆ ಶನಿವಾರದ ಹಡಗಲ್ಲಿ ಊರಿಗೆ ವಾಪಸ್ಸು.

"ನೀರಲ್ಲಿ ನನ್ನ ಕಾವಲಿಗೆ ನೀನೇ ಇರಬೇಕು," ಎಂದ.

"ನಾನಾ? ನನಗೆ ಕೈ ನಡುಗುತ್ತೆ..."

"ನಡುಗಲಿ. ನೀನಿದ್ರೆ ನಾನು ನಡುಗಲ್ಲ."

ನಿಯಮ ಸರಳ. ಹವಳದ ದಂಡೆಯ ನಡುವಿನ ನೀಲಿ ಹೊಂಡದಲ್ಲಿ ಹಗ್ಗದ ಗುಂಟ ನಲವತ್ತೈದು ಮೀಟರ್ ಇಳಿದು ಮೇಲೆ ಬರಬೇಕು. ಬಂದ ಹದಿನೈದು ಸೆಕೆಂಡಿನೊಳಗೆ ಮಾಸ್ಕ್ ತೆಗೆದು, ಬೆರಳಲ್ಲಿ 'ಓಕೆ' ಸನ್ನೆ ಮಾಡಿ, "ನಾನು ಸರಿಯಿದ್ದೀನಿ" ಅನ್ನಬೇಕು. ಅದಕ್ಕೆ ಮೊದಲು ಯಾರಾದರೂ ಮುಟ್ಟಿದರೆ ಫೇಲು.

ಅವನು ಇಳಿದ. ಒಂದೂವರೆ ನಿಮಿಷ ಕಳೆಯಿತು. ಅವಳು ಹದಿನೈದು ಮೀಟರ್ ಇಳಿದು ಅವನನ್ನು ಎದುರುಗೊಂಡಳು. ಜೊತೆಯಲ್ಲೇ ಮೇಲೆ ಬಂದರು.

ಒಂದು... ಎರಡು...

"ಉಸಿರು ತಗೋ!"

ತುಟಿ ನೀಲಿ. ಕಣ್ಣು ತೆರೆದೇ ಇದ್ದವು, ಆದರೆ ಅವಳನ್ನು ನೋಡುತ್ತಿರಲಿಲ್ಲ.

ನಾಲ್ಕು... "ಉಸಿರು ತಗೋ! ನನ್ನ ಕಡೆ ನೋಡು!"

'ಮುಟ್ಟಿದರೆ ಶನಿವಾರ ಹೊರಟು ಹೋಗ್ತಾನೆ. ಮುಟ್ಟದಿದ್ದರೆ...?'

ಏಳು... ಅಭ್ಯಾಸಬಲದಿಂದ ಮಾಸ್ಕಿನತ್ತ ಎದ್ದ ಕೈ ಜಾರಿತು. ಎಂಟು... ಒಂಬತ್ತು... ಗದ್ದ ನೀರು ಮುಟ್ಟಿತು.

ಅವಳು ಅವನನ್ನು ಬಾಚಿ ಹಿಡಿದು ಮುಖ ಮೇಲೆತ್ತಿದಳು. ಮಾಸ್ಕ್ ಕಿತ್ತು ಕೆನ್ನೆಗೆ ತಟ್ಟಿ ಮುಖಕ್ಕೆ ಗಾಳಿ ಊದಿದಳು. ಅವನು ಗಕ್ಕನೆ ಉಸಿರೆಳೆದುಕೊಂಡ. ದೋಣಿಯಲ್ಲಿದ್ದ ಪರೀಕ್ಷಕಿಯ ಕೈಯಲ್ಲಿ ಫೇಲಿನ ಕೆಂಪು ಚೀಟಿ ಮೇಲೆದ್ದಿತು.

ಅವನು ಅದನ್ನು ನೋಡಿದ, ಆಮೇಲೆ ಅವಳನ್ನು.

"ಈಗ ತಾನೇ ಮೇಲೆ ಬಂದೆ... ಮಾಸ್ಕ್ ತೆಗೆಯೋಕೂ ಬಿಡಲಿಲ್ಲ. ಮತ್ತೆ ಅದೇ ಗಾಬರಿನಾ? ನನ್ನ ಮೇಲೆ ಒಂಚೂರೂ ನಂಬಿಕೆ ಇಲ್ವಾ ನಿನಗೆ?"

ಅವಳು ಮುಖ ತಿರುಗಿಸಿ ದೋಣಿಯತ್ತ ಈಜಿದಳು.

ಎರಡು ದಿನ ಅವನ ಸುಳಿವಿಲ್ಲ. ಶನಿವಾರ ಬೆಳಿಗ್ಗೆ ಅವಳು ಅಂಗಡಿಯ ಹಿಂದೆ, ನೀರಿನ ತೊಟ್ಟಿಯಲ್ಲಿ ನಿಲ್ಲಿಸಿದ ಸಿಲಿಂಡರ್‌ಗಳಿಗೆ ಗಾಳಿ ತುಂಬುತ್ತಿದ್ದಳು. ಒತ್ತಡದ ಮುಳ್ಳು ಎಲ್ಲಿಗೆ ಬಂತೆಂಬ ಗಮನವೂ ಇರಲಿಲ್ಲ.

ಅಪ್ಪ ಬಂದು ವಾಲ್ವ್ ತಿರುಗಿಸಿದ. "ಸಿಲಿಂಡರ್ ಸಿಡಿಸ್ತೀಯೇನೆ? ಹೋಗಿ ನಡೆದಿದ್ದು ಹೇಳಬಾರದಾ ಆ ಹುಡುಗನಿಗೆ?"

"ಏನಂತ ಹೇಳಲಪ್ಪ..."

ಬಂದರಿನಲ್ಲಿ ಹಡಗು ಕೂಗಿತು.

"ಅವತ್ತು ನೀರಲ್ಲಿ ನನ್ನನ್ನ ಎಷ್ಟು ಸಲ ಕೂಗಿದೆ ನೀನು?"

ಹಿಂಬಾಗಿಲಲ್ಲಿ ಅವನು! ಏದುಸಿರು ಬಿಡುತ್ತಿದ್ದ.

ಅಪ್ಪ ಇಬ್ಬರ ಮುಖ ನೋಡಿ, "ದೋಣೀಲಿ ಏನೋ ಕೆಲಸ ಇತ್ತು," ಎಂದು ಜಾಗ ಖಾಲಿ ಮಾಡಿದ.

"ಮೂರು ಸಲ," ಎಂದಳು ಅವಳು.

"ನನಗೆ ಒಂದೂ ಕೇಳಿಸಿಲ್ಲ. ಪರೀಕ್ಷಕಿ ಈಗ ಅವತ್ತು ಕ್ಯಾಮೆರಾದಲ್ಲಿ ತೆಗೆದ ವಿಡಿಯೋ ತೋರಿಸಿದ್ರು. ಒಂಬತ್ತು ಸೆಕೆಂಡು ಎಚ್ಚರ ತಪ್ಪಿತ್ತಂತೆ. ಹಾಗೆ ತಪ್ಪಿದವರಿಗೆ ಅದು ನೆನಪೇ ಇರಲ್ಲ ಅಂತ ನಿನಗೆ ಪಾಠ ಮಾಡಿದೋನು ನಾನು! ನನಗೇ ಹಾಗಾಗುತ್ತೆ ಅಂತ ತೋಚಲಿಲ್ಲ. ನೀನಾದ್ರೂ ಯಾಕೆ ಹೇಳಲಿಲ್ಲ?"

ಅವಳು ಅತ್ತೇಬಿಟ್ಟಳು.

"ಏನಂತ ಹೇಳಲಿ? ಎರಡನೇ ಸೆಕೆಂಡಿಗೇ ನನಗೆ ಗೊತ್ತಾಗಿತ್ತು! ಆದ್ರೂ ಕಾದೆ. ನೀನು ಪಾಸಾಗಲಿ, ಇಲ್ಲೇ ಉಳೀಲಿ ಅಂತ... ನನ್ನಾಸೆಗೆ ನಿನ್ನ ಜೀವ ಒತ್ತೆ ಇಟ್ಟುಬಿಟ್ಟೆ. ನಂಬಿಕೆ ಇಲ್ವಾ ಅಂದೆಯಲ್ಲ? ನನಗೆ ನನ್ನ ಮೇಲೇ ಇಲ್ಲ!"

ಹೊರಗೆ ಹಡಗು ಇನ್ನೊಮ್ಮೆ ಕೂಗಿತು.

"ನಿನ್ನ ಹಡಗು..." ಎಂದಳು.

"ಹೋಗಲಿ ಬಿಡು. ನಾನು ಟಿಕೆಟ್ಟೇ ತಗೊಂಡಿಲ್ಲ. ಮೂರು ತಿಂಗಳು ಬಿಟ್ಟು ಇನ್ನೊಂದು ಪರೀಕ್ಷೆ ಇದೆ. ಅಲ್ಲೀವರೆಗೆ ಸಿಲಿಂಡರ್ ಹೊರೋಕೆ ನಿಮ್ಮಪ್ಪ ಕರೆದಿದಾರೆ." ಹತ್ತಿರ ಬಂದು ಅವಳ ಒದ್ದೆ ಕೈ ಹಿಡಿದ. "ಕೆಲಸ ಇಲ್ಲದೋನು ಏನಂತ ಕೇಳೋದು ಅಂತ ಇಷ್ಟು ದಿನ ಬಾಯಿ ಕಟ್ಕೊಂಡಿದ್ದೆ. ಈಗಲೂ ಕೆಲಸ ಇಲ್ಲ. ಆದ್ರೂ ಕೇಳ್ತೀನಿ... ನನ್ನ ಜೊತೆ ಇರ್ತೀಯಾ?"

"ಇರ್ತೀನಿ. ಆದರೆ ಒಂದು ಮಾತು. ಇನ್ನೊಂದು ಸಲ ನಿನ್ನ ತುಟಿ ನೀಲಿ ಆದ್ರೆ, ನಾನು ಎಣಿಸ್ತಾ ಕೂರಲ್ಲ."

"ಫೇಲಾದ್ರೆ?"

"ಆಗು. ಬದುಕಿದ್ದು ಫೇಲಾಗು."