ಮೆತ್ತಿಟ್ಟ ಬಿರುಕು

"ಒಳಗೆ ಹೋಗಬೇಡಿ! ನಿಮ್ಮ ಕಾಲಿಗೆ ಬೀಳ್ತೀನಿ, ಹೋಗಬೇಡಿ...!"

ಕಿರಿಸೊಸೆ ಗಂಡನ ತೋಳಿಗೆ ಜೋತುಬಿದ್ದಳು. ಮಡಕೆ ಸುಟ್ಟು ಆರಿದ ಭಟ್ಟಿಯ ಬಾಯಿ ಆಗಷ್ಟೇ ತೆರೆದಿತ್ತು. ಮಡಕೆ ಕಾರ್ಖಾನೆ ಕೈ ಬದಲಾದಾಗ ಹೊಸ ಯಜಮಾನನೇ ಒಳಹೊಕ್ಕು ಮೊದಲ ಮಡಕೆ ತರಬೇಕೆಂಬುದು ಅಲ್ಲಿನ ಪದ್ಧತಿ. ಅತ್ತೆ ಹಿರಿಮಗನಿಗೆ ಮನೆಯನ್ನೂ ಕಿರಿಯವನಿಗೆ ಈ ಕಾರ್ಖಾನೆಯನ್ನೂ ಕೊಟ್ಟಿದ್ದಳು. ಆಕೆ ಕೆಮ್ಮಿದರೆ ಸಾಕು, ಕೆಲಸದವರು ತಿರುಗುವ ಚಕ್ರ ನಿಲ್ಲಿಸುತ್ತಿದ್ದರು. ಅಂಥವಳ ಎದುರು ಸೊಸೆ ಬಾಯಿ ತೆರೆದದ್ದು ಇದೇ ಮೊದಲು.

"ಏನಾಯ್ತೇ ನಿನಗೆ? ಎಲ್ಲರೂ ನೋಡ್ತಿದ್ದಾರೆ!" ಗಂಡ ಗದರಿದ.

"ಕಮಾನಿನ ಮೇಲೆ ನೋಡಿ... ಎಲ್ಲ ಕಡೆ ಮಸಿ, ಅಲ್ಲೊಂದು ಗೆರೆ ಮಾತ್ರ ಹಸಿ. ಯಾರೋ ಬೆಳಿಗ್ಗೆ ಬಿರುಕಿಗೆ ಮಣ್ಣು ಮೆತ್ತಿದ್ದಾರೆ, ಅದು ತಲೆ ಮೇಲೆ ಕುಸಿಯುತ್ತೆ!" ಅವಳ ಕಣ್ಣು ಅತ್ತೆಯ ಕೈಯ ಮೇಲೆ ಬಿತ್ತು. "ಅತ್ತೆ, ನೀವು ಮಣ್ಣು ಮುಟ್ಟದೆ ಎಷ್ಟು ಕಾಲವಾಯ್ತು! ಉಗುರಲ್ಲಿ ಇದೇನು? ದೊಡ್ಡವರಿಗೆ ಮನೆ... ನನ್ನ ಗಂಡನಿಗೆ ಸಾವೇ?"

ಅತ್ತೆ ಕುಸಿದು ಕುಳಿತಳು.

"ಅಯ್ಯೋ, ಹಾಗನ್ನಬೇಡವೇ! ಭಟ್ಟಿ ಕಟ್ಟಿದವನು ಬಿರುಕು ಮೆತ್ತಿ ನನ್ನ ಮಾವನಿಗೆ ಮಾರಿದ. ಮಾವ ಮೆತ್ತಿ ನನ್ನ ಯಜಮಾನರಿಗೆ ಬಿಟ್ಟರು. ಅವರು ಸಾಯೋವಾಗ ನನ್ನ ಕಿವೀಲಿ ಹೇಳಿದರು, ಯಾರಿಗೂ ತಿಳಿಸಬೇಡ, ತಿಳಿದರೆ ಒಬ್ಬರೂ ಒಳಗೆ ಕಾಲಿಡಲ್ಲ ಅಂತ. ಪ್ರತಿ ಸಲ ಭಟ್ಟಿ ತೆಗೆದಾಗಲೂ ಜೀವ ಕೈಯಲ್ಲಿ ಹಿಡ್ಕೊಂಡೇ ಬದುಕಿದೆ. ಇವತ್ತು ನಾನೂ ಮೆತ್ತಿದೆ. ಇಷ್ಟು ದಿನ ಬೀಳಲಿಲ್ಲ, ಇವನ ಕಾಲಕ್ಕೂ ಬೀಳಲ್ಲ ಅಂದ್ಕೊಂಡೆ..."

"ಇರೋದು ಇದೊಂದೇ ಭಟ್ಟಿ, ಅಮ್ಮ. ಇದನ್ನ ಬಿಟ್ಟರೆ ಹೊಟ್ಟೆಪಾಡು ಹೇಗೆ? ಪದ್ಧತಿ ಮುಗಿಸಿಬಿಡ್ತೀನಿ," ಎಂದು ಮಗ ತೋಳು ಕೊಡವಿದ. ಸೊಸೆ ಬಿಡಲಿಲ್ಲ. ಅವನು ಅವಳನ್ನು ಎಳೆದುಕೊಂಡೇ ಭಟ್ಟಿಯ ಬಾಯಿಯತ್ತ ಬಗ್ಗಿದ.

"ನಿಲ್ಲೋ!"

ಅತ್ತೆ ಎದ್ದಿದ್ದಳು. ಕೈಯಲ್ಲಿ ಬೆಂಕಿ ಕೆದಕುವ ಉದ್ದನೆಯ ಸಲಾಕೆ. "ನೀನು ಮಡಕೆ ತರೋವರೆಗೂ ಇಲ್ಲಿ ಯಜಮಾನಿ ನಾನೇ. ಹಿಂದೆ ಸರಿ!"

ಹೊರಗೆ ನಿಂತೇ ಆಕೆ ಆ ಹಸಿ ಗೆರೆಗೆ ಸಲಾಕೆಯಿಂದ ತಿವಿದಳು. ಒಂದು ಇಟ್ಟಿಗೆ ಬಿತ್ತು. ಮತ್ತೆ ತಿವಿದಳು. ಇಡೀ ಕಮಾನು ದಡದಡನೆ ಒಳಕ್ಕೆ ಕುಸಿಯಿತು! ಅಷ್ಟೂ ಮಡಕೆಗಳು ಪುಡಿಪುಡಿಯಾದ ಸದ್ದಿಗೆ ಸೊಸೆ ಕಣ್ಣು ಮುಚ್ಚಿಕೊಂಡಳು.

ಧೂಳು ಇಳಿದಾಗ ಅತ್ತೆ ಸೆರಗಿನಿಂದ ಮಗನ ಮುಖ ಒರೆಸುತ್ತಿದ್ದಳು.

"ಈಗ ತಗೋ, ಮಗ. ಈಗ ಕೊಟ್ಟೆ... ಹೊಸದು ಕಟ್ಕೊಳ್ಳಿ."

ಸೊಸೆ ಅತ್ತೆಯ ಮಣ್ಣಾದ ಕೈಯನ್ನು ಹಿಡಿದುಕೊಂಡಳು. ಇನ್ನೊಂದು ಕೈ ಗಂಡನ ತೋಳನ್ನು ಇನ್ನೂ ಬಿಟ್ಟಿರಲಿಲ್ಲ.